ಕನಸಿನ ಕೋವಿ, ಮನೆಯ ಕೋವಿ

ಕಾರಿನ ಕನಸು, ಕ್ಯಾಮೆರಾದ ಕನಸು ಕಾಣುವವರನ್ನು ಜನ ಅರ್ಥ ಮಾಡಿಕೊಳ್ಳುತ್ತಾರೆ. ಕೋವಿಯ ಕನಸು ಎಂದರೆ ಹುಬ್ಬೇರಿಸುತ್ತಾರೆ. ಅದೂ ನಳಿಗೆಯ ಬಾಯಿಯಿಂದ ಮದ್ದು ಸುರಿದು, ಗುಂಡು ಇಟ್ಟು, ಗಜದ ಕೋಲಿನಿಂದ ಜಡಿದು, ನಿಮಿಷಕ್ಕೆ ಒಂದೋ ಎರಡೋ ಸಲ ಮಾತ್ರ ಹಾರಿಸಬಹುದಾದ ಹಳೇ ಕೋವಿ ಎಂದರೆ ಕೇಳುವುದೇ ಬೇಡ. ಆದರೆ ಮಲೆನಾಡು, ಕೊಡಗು, ಕರಾವಳಿ ಕಡೆಯಿಂದ ಹೊರಟು ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ನೆಲೆ ನಿಂತ ನಮ್ಮಲ್ಲಿ ಅನೇಕರಿಗೆ ಇದು ತೀರ ವಿಚಿತ್ರವಾದ ಆಸೆಯೇನಲ್ಲ. ಊರಿನ ಮನೆಯಲ್ಲಿ ಒಂದು ಕೇಪಿನ ಕೋವಿಯನ್ನು ನೋಡಿಕೊಂಡೇ ಬೆಳೆದವರು ನಾವು.

ನಾನು ಪುಣೆಯಲ್ಲಿ ಯಂತ್ರಗಳ ವಿನ್ಯಾಸದ ಕೆಲಸ ಮಾಡುವವನು. ನನ್ನ ಮಟ್ಟಿಗೆ ಹಳೇ ಕೋವಿ ಆಯುಧಕ್ಕಿಂತ ಹೆಚ್ಚಾಗಿ ಒಂದು ಯಂತ್ರ. ಕಬ್ಬಿಣ, ಮರ, ಸ್ಪ್ರಿಂಗ್, ಬೆಂಕಿ ಈ ನಾಲ್ಕನ್ನೇ ಇಟ್ಟುಕೊಂಡು ನಾನೂರು ವರ್ಷ ಕುಶಲಕರ್ಮಿಗಳು ತಲೆ ಕೆಡಿಸಿಕೊಂಡ ಯಂತ್ರ. ಒಂದೇ ಒಂದನ್ನು ಆರಿಸಿಕೊಳ್ಳಿ ಎಂದರೆ ಯಾವುದನ್ನು ಆರಿಸಬೇಕು?

ಮೊದಲು ಬೆಂಕಿ, ಆಮೇಲೆ ನಳಿಗೆ

ಮೊದಲು ತೀರ್ಮಾನಿಸಬೇಕಾದದ್ದು ಮದ್ದಿಗೆ ಬೆಂಕಿ ತಾಗಿಸುವ ಬಗೆ. ಎಲ್ಲಕ್ಕಿಂತ ಹಳೆಯದು ಬತ್ತಿಯ ಕೋವಿ. ಉರಿಯುವ ಬತ್ತಿಯ ತುದಿ ಬಾಗಿ ಬಂದು ಮದ್ದನ್ನು ಮುಟ್ಟುತ್ತದೆ. ಉತ್ತರ ಭಾರತದಲ್ಲಿ ತೋಡೆದಾರ್ ಎಂದು ಹೆಸರಾದದ್ದು ಇದೇ ಬಗೆ. ಸರಳವಾದದ್ದರಿಂದ, ಊರಿನ ಕಮ್ಮಾರನೇ ರಿಪೇರಿ ಮಾಡಬಲ್ಲವನಾದ್ದರಿಂದ, ಯುರೋಪ್ ಇದನ್ನು ಕೈಬಿಟ್ಟು ಎಷ್ಟೋ ಕಾಲವಾದ ಮೇಲೂ, 19ನೇ ಶತಮಾನದವರೆಗೆ, ನಮ್ಮಲ್ಲಿ ಬಳಕೆಯಲ್ಲಿತ್ತು. ಎರಡನೆಯದು ಚಕಮಕಿ ಕಲ್ಲಿನದು. ಕುದುರೆಗೆ ಕಚ್ಚಿಸಿದ ಕಲ್ಲು ಉಕ್ಕಿಗೆ ಉಜ್ಜಿ ಕಿಡಿ ಬೀಳುತ್ತದೆ. ಮೂರನೆಯದು ಕೇಪಿನದು. ಸ್ಕಾಟ್‌ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್ ಪೆಟ್ಟು ಬಿದ್ದರೆ ಸಿಡಿಯುವ ರಾಸಾಯನಿಕದಿಂದ ಬೆಂಕಿ ಹೊತ್ತಿಸುವ ವಿಧಾನಕ್ಕೆ 1807ರಲ್ಲಿ ಪೇಟೆಂಟ್ ಪಡೆದರು. ಅದರಿಂದ ಬೆಳೆದು ಬಂದದ್ದೇ ನಮ್ಮ ಕಡೆಯ ಕೇಪು. ಮಳೆಯಲ್ಲಿ ಕಲ್ಲಿನ ಕೋವಿಯನ್ನು ನಂಬುವಂತಿಲ್ಲ, ಕೇಪನ್ನು ಬಹುಮಟ್ಟಿಗೆ ನಂಬಬಹುದು. ಮಲೆನಾಡಿನಲ್ಲಿ ಕೇಪು ಯಾಕೆ ಬೇರೂರಿತು ಎನ್ನುವುದಕ್ಕೆ ಬೇರೆ ವಿವರಣೆ ಬೇಡ.

ಎರಡನೆಯ ತೀರ್ಮಾನ ನಳಿಗೆಯ ಒಳಮೈ. ಒಳಗೆ ತಿರುಪಿನಂತೆ ಗೀರುಗಳಿದ್ದರೆ ಅದು ರೈಫಲ್. ಗುಂಡು ಬುಗುರಿಯಂತೆ ತಿರುಗುತ್ತ ಹೋಗುವುದರಿಂದ ಗುರಿ ಕೆಡುವುದಿಲ್ಲ. ಸೀಸದ ಉರುಟು ಗುಂಡಿಗೆ ನಿಧಾನವಾದ ತಿರುವು ಸಾಕು, 60ರಿಂದ 70 ಇಂಚಿಗೆ ಒಂದು ಸುತ್ತು. ಉದ್ದನೆಯ ಮೊನಚು ಗುಂಡಿಗೆ ಬೇಗನೆ ಸುತ್ತುವ ಗೀರು ಬೇಕು. ಉರುಟು ಗುಂಡನ್ನು ನಳಿಗೆಗಿಂತ ತುಸು ಚಿಕ್ಕದಾಗಿ ಎರಕ ಹೊಯ್ದು, ಜಿಡ್ಡು ಸವರಿದ ಬಟ್ಟೆಯ ಚೂರಿನಲ್ಲಿ ಸುತ್ತಿ ಇಳಿಸುತ್ತಾರೆ. ಗೀರುಗಳನ್ನು ಹಿಡಿದುಕೊಳ್ಳುವುದು ಆ ಬಟ್ಟೆ. ಒಳಮೈ ನುಣುಪಾಗಿದ್ದರೆ ಅದು ರೈಫಲ್ ಅಲ್ಲ. ಗುಂಡನ್ನೂ ಹಾಕಬಹುದು, ಚರೆಯನ್ನೂ ಹಾಕಬಹುದು, ಆದರೆ ದೂರದ ಗುರಿ ಕಷ್ಟ. ನಮ್ಮ ಊರುಗಳ ಕೋವಿಗಳು ಸಾಮಾನ್ಯವಾಗಿ ಇಂಥವೇ.

ಪಟ್ಟಿಯಲ್ಲಿ ಇರುವವು

ಇದನ್ನು ಹವ್ಯಾಸವಾಗಿ ಬೆಳೆಸಿದವರು ಅಮೆರಿಕದವರು. ಇಂಥ ರೈಫಲ್‌ಗಳಿಗೆಂದೇ ಅಲ್ಲಿ 1933ರಲ್ಲಿ ಒಂದು ರಾಷ್ಟ್ರೀಯ ಸಂಘ ಹುಟ್ಟಿತು. ಅವರನ್ನು ಕೇಳಿದರೆ ಕನಸಿನ ಪಟ್ಟಿಯ ತುದಿಯಲ್ಲಿ ಎರಡು ಹೆಸರು ಬರುತ್ತವೆ.

ಒಂದು, ಪೆನ್ಸಿಲ್ವೇನಿಯಾದ ಉದ್ದ ರೈಫಲ್. ಜರ್ಮನಿ, ಸ್ವಿಟ್ಜರ್‌ಲೆಂಡ್‌ಗಳಿಂದ ವಲಸೆ ಹೋದ ಕೋವಿ ಕೆಲಸಗಾರರು ಲ್ಯಾಂಕಾಸ್ಟರ್ ಸುತ್ತಮುತ್ತ ಅದನ್ನು ರೂಪಿಸಿದರು. ಅವರ ತಾಯ್ನಾಡಿನ ಬೇಟೆ ರೈಫಲ್ ಗಿಡ್ಡ, ನಳಿಗೆಯ ಬಾಯಿ ದೊಡ್ಡದು. ಹೊಸ ನಾಡಿನ ಕಾಡಿನಲ್ಲಿ ವಾರಗಟ್ಟಲೆ ತಿರುಗುವವನು ಸೀಸ, ಮದ್ದು ಎರಡನ್ನೂ ಹೆಗಲ ಮೇಲೆ ಹೊರಬೇಕು. ಹಾಗಾಗಿ ಬಾಯಿಯನ್ನು ಸುಮಾರು ಅರ್ಧ ಇಂಚಿಗೆ ಇಳಿಸಿದರು, ನಳಿಗೆಯನ್ನು 40 ಇಂಚು ಮೀರಿ ಉದ್ದ ಮಾಡಿದರು. ಅಲೆಅಲೆಯಾದ ಗೆರೆಗಳ ಮೇಪಲ್ ಮರದ ಹಿಡಿ, ಅದರಲ್ಲಿ ಬಟ್ಟೆಚೂರು ಇಡಲು ಹಿತ್ತಾಳೆ ಮುಚ್ಚಳದ ಚಿಕ್ಕ ಪೆಟ್ಟಿಗೆ. ವಲಸೆ ಹೋದವರು ತಮ್ಮ ಕಸುಬನ್ನು ಹೊಸ ನೆಲಕ್ಕೆ ತಕ್ಕಂತೆ ತಿದ್ದಿಕೊಂಡದ್ದರ ಇಷ್ಟು ಚೆಂದದ ಉದಾಹರಣೆ ಕಡಿಮೆ. ಹೊರನಾಡಿನಲ್ಲಿರುವ ನಮಗೆ ಇದು ಬೇರೆಯವರಿಗಿಂತ ಬೇಗ ಅರ್ಥವಾಗಬೇಕು.

ಇನ್ನೊಂದು ಹಾಕನ್. ಜೇಕಬ್ ಮತ್ತು ಸ್ಯಾಮ್ಯುಯೆಲ್ ಹಾಕನ್ ಎಂಬ ಅಣ್ಣತಮ್ಮಂದಿರು ಸೇಂಟ್ ಲೂಯಿಸ್‌ನಲ್ಲಿ, ರಾಕಿ ಪರ್ವತಗಳಿಗೆ ತುಪ್ಪಳದ ವ್ಯಾಪಾರಕ್ಕೆ ಹೋಗುವವರಿಗಾಗಿ ಮಾಡುತ್ತಿದ್ದ ರೈಫಲ್ ಇದು. ದಪ್ಪನೆಯ ಎಂಟು ಪಟ್ಟಿಯ ನಳಿಗೆ, ಅದರ ಅರ್ಧದವರೆಗೆ ಮಾತ್ರ ಮರ, ಕೇಪು, ನಾಲ್ಕೂವರೆ ಕಿಲೋ ಆಸುಪಾಸಿನ ತೂಕ. ಉದ್ದ ರೈಫಲ್ ವೀಣೆಯಾದರೆ ಇದು ಒನಕೆ. 1972ರ ‘ಜೆರೆಮಿಯಾ ಜಾನ್ಸನ್’ ಸಿನಿಮಾ ಬಂದ ಮೇಲಂತೂ ಹಾಕನ್ ಬೇಕು ಎನ್ನುವವರು ಹೆಚ್ಚಾದರು.

ನಮ್ಮ ನೆಲದ ಆಯ್ಕೆ ಬೇಕೆಂದರೆ ಶ್ರೀರಂಗಪಟ್ಟಣಕ್ಕೆ ಬರಬೇಕು. ಟಿಪ್ಪುವಿನ ಕಾರ್ಖಾನೆಯ ಚಕಮಕಿ ಕೋವಿಗಳ ಮೈಮೇಲೆ ಹುಲಿಪಟ್ಟೆ, ಹುಲಿಯ ಮುಖ ಕೆತ್ತಿರುತ್ತಾರೆ. ಯುರೋಪಿನ ಕೋವಿಯನ್ನು ನೋಡಿ ಕಲಿತು ಅದನ್ನು ಮೈಸೂರಿನದನ್ನಾಗಿ ಮಾಡಿಕೊಂಡ ಕೆಲಸ ಅದು. 1799ರಲ್ಲಿ ಕೋಟೆ ಬಿದ್ದ ಮೇಲೆ ಅವುಗಳಲ್ಲಿ ಬಹಳಷ್ಟು ಇಂಗ್ಲೆಂಡಿಗೆ ಹೋದವು. ಕೆಲವು ಇಂದಿಗೂ ಅಲ್ಲಿನ ಅರಮನೆಯ ಸಂಗ್ರಹದಲ್ಲಿವೆ. ಕೊಳ್ಳುವ ಮಾತು ಬಿಡಿ, ನೋಡಲಿಕ್ಕೂ ವೀಸಾ ಬೇಕು. ಆ ಕಾಲದ ಕೋವಿಗಳನ್ನು ನೋಡುವ ಆಸೆ ಇದ್ದರೆ ಹೈದರಾಬಾದಿನ ಸಾಲಾರ್ ಜಂಗ್, ಮುಂಬೈನ ಛತ್ರಪತಿ ಶಿವಾಜಿ ವಸ್ತು ಸಂಗ್ರಹಾಲಯ, ದೆಹಲಿಯ ರಾಷ್ಟ್ರೀಯ ವಸ್ತು ಸಂಗ್ರಹಾಲಯಗಳಲ್ಲಿ ಆಯುಧಗಳಿಗೇ ಬೇರೆ ವಿಭಾಗವಿದೆ. ಒಂದು ಭಾನುವಾರ ಸಾಕು.

ಕೈಯಿಂದಲೇ ಕೋವಿ ಮಾಡುವುದು ಹೇಗೆ ಎಂಬ ಕುತೂಹಲ ಇದ್ದವರು ವಿಲಿಯಮ್ಸ್‌ಬರ್ಗ್‌ನ ಕೋವಿ ಕೆಲಸಗಾರ ವಾಲೇಸ್ ಗಸ್ಲರ್ ಬಗ್ಗೆ 1969ರಲ್ಲಿ ತೆಗೆದ ಸಾಕ್ಷ್ಯಚಿತ್ರ ನೋಡಬೇಕು. ಚಪ್ಪಟೆ ಕಬ್ಬಿಣದ ಪಟ್ಟಿ ಕುಲುಮೆಯಲ್ಲಿ ಕಾದು, ಬಡಿಸಿಕೊಂಡು, ಸುರುಳಿಯಾಗಿ ನಳಿಗೆಯಾಗುವುದನ್ನು ನೋಡುತ್ತಿದ್ದರೆ ನಮ್ಮ ಕಂಪ್ಯೂಟರ್ ವಿನ್ಯಾಸದ ಬಗ್ಗೆ ಸ್ವಲ್ಪ ವಿನಯ ಬರುತ್ತದೆ.

ಕಾನೂನು ಕೇಳುವ ಪ್ರಶ್ನೆ

ಕನಸು ಇಲ್ಲಿಯವರೆಗೆ. ಅಮೆರಿಕದ 1968ರ ಕಾಯ್ದೆ ಬಾಯಿಯಿಂದ ತುಂಬುವ ಹಳೇ ಬಗೆಯ ಕೋವಿಗಳನ್ನು ಬಹುಮಟ್ಟಿಗೆ ಬಂದೂಕಿನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಅಲ್ಲಿ ಬಿಡಿಭಾಗಗಳ ಕಿಟ್ ತರಿಸಿ ಮನೆಯಲ್ಲೇ ಜೋಡಿಸುವವರು ಬೇಕಾದಷ್ಟಿದ್ದಾರೆ. ನಮ್ಮಲ್ಲಿ ಹಾಗಲ್ಲ. 1959ರ ಆಯುಧ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಕೋವಿ ತಯಾರಿಸುವುದು ಗಂಭೀರ ಅಪರಾಧ. 2019ರ ತಿದ್ದುಪಡಿಯ ನಂತರ ಅದಕ್ಕೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ. ‘ಹವ್ಯಾಸಕ್ಕೆ ಮಾಡಿದೆ’ ಎಂಬ ಉತ್ತರ ನಡೆಯುವುದಿಲ್ಲ. ಅಮೆರಿಕದಿಂದ ಬರುವ ಗೆಳೆಯನ ಸೂಟ್‌ಕೇಸಿನಲ್ಲಿ ಕಿಟ್ ತರಿಸುವ ಯೋಚನೆ ಯಾರಿಗಾದರೂ ಇದ್ದರೆ ಇವತ್ತೇ ಕೈಬಿಡಿ.

ಆದರೆ ಇದೇ ಕಾಯ್ದೆಯಲ್ಲಿ ನಮ್ಮ ಊರಿನ ಕೋವಿಗೆ ಒಂದು ಜಾಗ ಉಂಟು. 13ನೇ ಸೆಕ್ಷನ್ನಿನಲ್ಲಿ, ನಿಜವಾದ ಬೆಳೆ ರಕ್ಷಣೆಗಾಗಿ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸ್ ಕೊಡುವ ಮಾತು ಹೆಸರು ಹೇಳಿಯೇ ಬರುತ್ತದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯ ಕಥೆಯೇ ಬೇರೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಕೈಲ್‌ಪೊಳ್ದಿನಲ್ಲಿ ಹೂವಿಟ್ಟು ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿ. ಅಲ್ಲಿ ಕೋವಿ ಮನೆಯ ಸದಸ್ಯನ ಹಾಗೆ. ಉಳಿದವರಿಗೆ ಲೈಸೆನ್ಸ್ ಪುಸ್ತಕವೇ ಗತಿ.

ನಮ್ಮ ಮನೆ ಇರುವುದು ತೀರ್ಥಹಳ್ಳಿ ಕಡೆ. ಅಪ್ಪನ ಹೆಸರಿನಲ್ಲಿ ಒಂಟಿ ನಳಿಗೆಯ ಕೇಪಿನ ಕೋವಿ ಇದೆ. ಅಡಿಕೆ ತೋಟಕ್ಕೆ ಬರುವ ಮಂಗಗಳನ್ನು ಸದ್ದು ಮಾಡಿ ಓಡಿಸುವುದಷ್ಟೇ ಅದರ ಕೆಲಸ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ಮತ್ತೆ ತರಬೇಕು. ಅಪ್ಪನಿಗೆ ಈಗ 70 ದಾಟಿದೆ. ಮಕ್ಕಳು ಮೂವರು. ನಾನು ಪುಣೆ, ತಮ್ಮ ಚೆನ್ನೈ, ತಂಗಿ ಊರಿನಲ್ಲೇ.

2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸ್‌ದಾರರಿಗೆ 70 ವರ್ಷವಾದರೆ ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದರೆ, ಅವರು ಬದುಕಿರುವಾಗಲೇ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು. ಇದು ಬಹಳ ಮನೆಗಳಲ್ಲಿ ಗೊತ್ತಿಲ್ಲ. ತೀರಿಕೊಂಡ ಮೇಲೆ ನೋಡಿದರಾಯಿತು ಎಂದು ಬಿಟ್ಟರೆ, ಆಗ ಕೋವಿಯನ್ನು ಠಾಣೆಯಲ್ಲೋ ಅಧಿಕೃತ ಡೀಲರ್ ಬಳಿಯೋ ಒಪ್ಪಿಸಬೇಕು. ಕ್ರಿಯೆಕರ್ಮ ಮುಗಿಸಿ ರಜೆ ತೀರಿ ಹೊರಟು ನಿಂತ ಮಕ್ಕಳಿಗೆ ಅದು ನೆನಪಾಗುವುದು ಕಷ್ಟ. ಲೈಸೆನ್ಸ್ ಇಲ್ಲದೆ ಅಟ್ಟದ ಮೇಲೆ ಉಳಿದ ಕೋವಿ ನೆನಪಿನ ವಸ್ತುವಲ್ಲ, ಕೇಸು.

ಹಿರಿಮಗ ನಾನು, ಕೋವಿ ನನಗೇ ಬರಬೇಕು ಎನ್ನುವುದು ಮನೆಯಲ್ಲಿ ಎಲ್ಲರೂ ಒಪ್ಪಿದ ಮಾತಾಗಿತ್ತು. ಆಸೆಯೂ ನನಗೇ ಇದ್ದದ್ದು. ಆದರೆ ಅರ್ಜಿ ಹಾಕುವವನು ತಾನು ವಾಸವಿರುವ ಊರಿನ ಅಧಿಕಾರಿಯ ಮುಂದೆ ಹೋಗಬೇಕು, ಕೋವಿ ಬಳಕೆಯ ಸುರಕ್ಷತಾ ತರಬೇತಿ ಪಡೆದಿರಬೇಕು, ಭದ್ರವಾಗಿ ಇಡುವ ವ್ಯವಸ್ಥೆ ತೋರಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಕಾರಣಕ್ಕೆ ಬೇಕು ಎಂಬುದಕ್ಕೆ ಉತ್ತರ ಇರಬೇಕು. ಬೆಳೆ ರಕ್ಷಣೆ ಎಂದು ಬರೆಯೋಣವೆಂದರೆ ನನ್ನ ಆರನೇ ಮಹಡಿಯ ಫ್ಲ್ಯಾಟಿನಲ್ಲಿ ಇರುವ ಬೆಳೆ ಎರಡು ಕುಂಡ ತುಳಸಿ, ಒಂದು ಕರಿಬೇವು.

ತೋಟ ನೋಡಿಕೊಳ್ಳುತ್ತಿರುವುದು ತಂಗಿ. ಔಷಧಿ ಹೊಡೆಸುವುದು, ಕೊನೆ ತೆಗೆಸುವುದು, ಬೆಳಗ್ಗೆ ಎದ್ದು ಮಂಗಗಳ ಹಿಂದೆ ಓಡುವುದು ಎಲ್ಲ ಅವಳೇ. ಕೋವಿ ಗಂಡುಮಕ್ಕಳಿಗೆ ಎಂದು ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ. ಬರೆದಿರುವುದು ನಮ್ಮ ತಲೆಯಲ್ಲಿ ಮಾತ್ರ. ‘ಅಣ್ಣಾ, ನಿಂಗೆ ಬೇಕಾದ್ದು ಗೋಡೆ ಮೇಲೆ ನೇತು ಹಾಕಕ್ಕೆ, ನಂಗೆ ಬೇಕಾದ್ದು ತೋಟಕ್ಕೆ’ ಎಂದಳು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಅಪ್ಪ ಲೈಸೆನ್ಸ್ ಪುಸ್ತಕವನ್ನು ಅವಳ ಕೈಗೆ ಕೊಟ್ಟರು. ನಾನೂ ತಮ್ಮನೂ ಆಕ್ಷೇಪಣೆ ಇಲ್ಲವೆಂದು ಸಹಿ ಹಾಕಿದೆವು.

ಯಾರೂ ವಹಿಸಿಕೊಳ್ಳಲಾಗದ ಮನೆಗಳೂ ಇವೆ. ಲೈಸೆನ್ಸ್ ಇರುವ ಬೇರೆಯವರಿಗೆ ನಿಯಮದಂತೆ ಮಾರುವುದು, ಠಾಣೆಗೆ ಒಪ್ಪಿಸುವುದು ಅವರ ಮುಂದಿರುವ ದಾರಿ. ರಿಪೇರಿ ಮಾಡಿದರೂ ಸಿಡಿಯಲಾರದಷ್ಟು ಕೆಟ್ಟ ಹಳೇ ಕೋವಿಗೆ ಕಾಯ್ದೆಯ 45ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆ. ಆದರೆ ಅದು ಅಷ್ಟು ಕೆಟ್ಟಿದೆಯೇ ಎಂದು ನಾವೇ ತೀರ್ಪು ಕೊಟ್ಟುಕೊಳ್ಳದೆ ಅಧಿಕಾರಿಗಳಿಗೆ ತೋರಿಸಿ ಕಾಗದ ಮಾಡಿಸಿಕೊಳ್ಳುವುದು ಒಳ್ಳೆಯದು. ಮುಂದಿನ ಸಲ ಊರಿಗೆ ಹೋದಾಗ ಆಯುಧಪೂಜೆಯ ಕುಂಕುಮ ಇಡುವ ಮೊದಲು ಲೈಸೆನ್ಸ್ ಪುಸ್ತಕದ ದಿನಾಂಕ ನೋಡಿ, ಅಪ್ಪನ ವಯಸ್ಸು ಲೆಕ್ಕ ಹಾಕಿ.

ನನ್ನ ಆಯ್ಕೆ ಕೇಳಿದರೆ ಇವತ್ತಿಗೂ ಲ್ಯಾಂಕಾಸ್ಟರಿನ ಉದ್ದ ರೈಫಲ್. ಅದು ಗೋಡೆಯ ಮೇಲಿನ ಚಿತ್ರವಾಗಿಯೇ ಇರುತ್ತದೆ, ಇರಲಿ. ಮನೆಯ ಕೋವಿಯ ನಳಿಗೆ, ಕುದುರೆ, ಹಿಡಿ ಎಲ್ಲದರ ಅಳತೆಯನ್ನು ಅಪ್ಪನ ಎದುರಿನಲ್ಲೇ ಬರೆದುಕೊಂಡು ನಕ್ಷೆ ಮಾಡಿದ್ದೇನೆ. ಹಿಡಿ ಹಲಸಿನ ಮರದ್ದಂತೆ, ನಮ್ಮ ಹಿತ್ತಲಿನದೇ. ಅದನ್ನು ನಕ್ಷೆಯ ಮೂಲೆಯಲ್ಲಿ ಬರೆಸಿದವರು ಅಪ್ಪ.