ಸಾರಾಯಿಯ ಬಾಲ ಹಾಲಿನ ಡೇರಿಗೆ ಬಂದದ್ದು

ಬೆಂಗಳೂರಿನಿಂದ ಸೇಲಂ ಕಡೆಗೆ ಹೊರಟರೆ ಧರ್ಮಪುರಿ ದಾಟಿದ ಸ್ವಲ್ಪ ಹೊತ್ತಿಗೆ ಅದಿಯಮಾನ್‌ಕೋಟೆ ಸಿಗುತ್ತದೆ. ಧರ್ಮಪುರಿಯ ಹಳೆಯ ಹೆಸರು ತಗಡೂರು. ಅದರ ಒಡೆಯ ಅದಿಯಮಾನ್ ನೆಡುಮಾನ್ ಅಂಜಿ ತೀರಿಕೊಂಡಾಗ ಕವಯಿತ್ರಿ ಔವೈಯಾರ್ ಹಾಡಿದ ಶೋಕಗೀತೆ ‘ಪುರನಾನೂರು’ ಸಂಕಲನದಲ್ಲಿದೆ. ಅದರಲ್ಲಿ ಆಕೆ ಎಲ್ಲಕ್ಕಿಂತ ಮೊದಲು ನೆನೆಯುವುದು ದೊರೆ ತನ್ನ ಜೊತೆ ಕಳ್ಳು ಹಂಚಿಕೊಂಡ ಬಗೆಯನ್ನು. ಎಷ್ಟೋ ಶತಮಾನಗಳ ನಂತರ, 1937ರ ಅಕ್ಟೋಬರ್ 1ರಂದು, ಮದರಾಸು ಪ್ರಾಂತ್ಯದ ಪ್ರಧಾನಿಯಾಗಿದ್ದ ರಾಜಾಜಿ ಪಾನನಿಷೇಧವನ್ನು ಮೊದಲು ಜಾರಿಗೆ ತಂದದ್ದೂ ಇದೇ ಸೀಮೆಯಲ್ಲಿ. ಆಗ ಧರ್ಮಪುರಿ ಸೇಲಂ ಜಿಲ್ಲೆಯೊಳಗೇ ಇತ್ತು. ಬೇರೆ ಜಿಲ್ಲೆಯಾದದ್ದು 1965ರಲ್ಲಿ. ಅಬಕಾರಿ ವರಮಾನ ಕೈತಪ್ಪಿದ್ದಕ್ಕೆ ಬದಲಾಗಿ 1939ರಲ್ಲಿ ಬಂದದ್ದು ಮಾರಾಟ ತೆರಿಗೆ.

ಸಾರಾಯಿಗೆ ಬಾಗಿಲು ಹಾಕಿದ ಸೀಮೆ ಇದು. ಆದರೂ ಭಟ್ಟಿಯಲ್ಲೇ ಹುಟ್ಟುವ ಒಂದು ದ್ರವ ಮುಂದೆ ಇಲ್ಲಿಗೆ ಬಂತು. ಬಂದದ್ದು ಹಾಲಿನ ಡೇರಿಗೆ.

ಭಟ್ಟಿ ಇಳಿಸುವಾಗ ಮೊದಲು ಬರುವ ಘಾಟಿನ ಭಾಗ ತಲೆ, ನಡುವೆ ಬರುವುದು ಕುಡಿಯಲು ಯೋಗ್ಯವಾದ ತಿರುಳು, ಕೊನೆಗೆ ತೆಳ್ಳಗಾಗುತ್ತ ಇಳಿಯುವುದು ಬಾಲ. ಬಾಲದಲ್ಲಿ ಆಲ್ಕೊಹಾಲ್ ಇಳಿಯುತ್ತಾ ಹೋದಂತೆ ಒದ್ದೆ ರಟ್ಟಿನ, ಬೆವರಿನ, ಹಳೇ ಚರ್ಮದ ವಾಸನೆ ಏರುತ್ತದೆ. ಒಳ್ಳೆಯ ಭಟ್ಟಿಗಾರನ ಕೈಗುಣವೆಲ್ಲ ಎಲ್ಲಿ ನಿಲ್ಲಿಸಬೇಕು ಎನ್ನುವುದರಲ್ಲೇ ಇದೆ. ನಿಲ್ಲಿಸಿದ ಮೇಲೂ ಇಳಿದದ್ದನ್ನು ಯಾರೂ ಚೆಲ್ಲುವುದಿಲ್ಲ. ಸ್ಕಾಟ್ಲೆಂಡಿನ ವಿಸ್ಕಿಯವರು ಅದನ್ನು ಮುಂದಿನ ಸಲದ ಪಾತ್ರೆಗೆ ಸುರಿದು ಮತ್ತೆ ಕಾಯಿಸುತ್ತಾರೆ. ಒಂದು ಭಟ್ಟಿಯ ಬಾಲ ಇನ್ನೊಂದರ ಹೊಟ್ಟೆ ಸೇರುತ್ತದೆ. ಮೆಕ್ಸಿಕೋದ ಮೆಸ್ಕಾಲ್ ತಯಾರಕರಲ್ಲಿ ಕೆಲವರು ನೀರಿನ ಬದಲು ಬಾಲವನ್ನೇ ಬೆರೆಸಿ ಮದ್ಯದ ಖಾರವನ್ನು ಹದಕ್ಕೆ ತರುತ್ತಾರೆ.

ಈ ವಾಸನೆಗೆ ಮುಖ್ಯ ಕಾರಣಗಳಲ್ಲೊಂದು ಐಸೋಅಮೈಲ್ ಆಲ್ಕೊಹಾಲ್. ಕೊಳೆ ಹುದುಗುವಾಗ ಯೀಸ್ಟ್ ಲ್ಯೂಸಿನ್ ಎಂಬ ಅಮೈನೋ ಆಮ್ಲದಿಂದ ತನಗೆ ಬೇಕಾದ ಸಾರಜನಕ ತೆಗೆದುಕೊಂಡು ಉಳಿದದ್ದನ್ನು ಹೀಗೆ ಹೊರಹಾಕುತ್ತದೆ. ಮಾಮೂಲಿ ಆಲ್ಕೊಹಾಲ್ 78 ಡಿಗ್ರಿಗೆ ಕುದಿದರೆ ಇದಕ್ಕೆ 131 ಬೇಕು. ಕಾಕಂಬಿಯಿಂದ ಮದ್ಯಸಾರ ತೆಗೆಯುವ ಸಕ್ಕರೆ ಕಾರ್ಖಾನೆಗಳ ಎತ್ತರದ ಸ್ತಂಭಗಳಲ್ಲಿ ಇದು ಬಾಲದವರೆಗೆ ಕಾಯುವುದಿಲ್ಲ. ತುದಿಗೂ ಏರದೆ ಬುಡಕ್ಕೂ ಇಳಿಯದೆ ನಡುವಿನ ತಟ್ಟೆಗಳಲ್ಲಿ ಸೇರಿಕೊಳ್ಳುತ್ತದೆ. ಅಲ್ಲಿಂದ ಪಕ್ಕಕ್ಕೆಳೆದು ನೀರಿನಲ್ಲಿ ತೊಳೆದರೆ ಎಣ್ಣೆಯಂತೆ ಮೇಲೆ ತೇಲುತ್ತದೆ. ಅದೇ ಫ್ಯೂಸೆಲ್ ಎಣ್ಣೆ.

ಹತ್ತೊಂಬತ್ತನೆಯ ಶತಮಾನದ ಯುರೋಪು ಈ ಎಣ್ಣೆಗೆ ಕೆಲಸ ಹುಡುಕಿತು. ಅಸಿಟಿಕ್ ಆಮ್ಲದೊಂದಿಗೆ ಸೇರಿಸಿದಾಗ ಬಾಳೆಹಣ್ಣಿನ ಘಮ ಬಂತು, ಮಿಠಾಯಿಗೆ ಹೋಯಿತು. ಅದೇ ಅಮೈಲ್ ಅಸಿಟೇಟನ್ನು ದೀಪದಲ್ಲಿ ಉರಿಸಿ, 40 ಮಿಲಿಮೀಟರ್ ಎತ್ತರದ ಜ್ವಾಲೆಯನ್ನು ಜರ್ಮನಿಯವರು ಬೆಳಕಿನ ಅಳತೆಗೋಲು ಮಾಡಿಕೊಂಡರು. 1940ರ ದಶಕದಲ್ಲಿ ಪೆನಿಸಿಲಿನ್ನನ್ನು ಬೂಷ್ಟಿನ ದ್ರವದಿಂದ ಬೇರ್ಪಡಿಸಲೂ ಅದು ಬಳಕೆಯಾಯಿತು.

ನಮ್ಮ ಹಳ್ಳಿಗಳಿಗೆ ಮುಟ್ಟಿದ್ದು ಮಾತ್ರ ಸ್ವಿಟ್ಜರ್ಲೆಂಡಿನ ನಿಕ್ಲೌಸ್ ಗರ್ಬರ್ 1890ರ ದಶಕದ ಆರಂಭದಲ್ಲಿ ರೂಪಿಸಿದ, ಹಾಲಿನ ಕೊಬ್ಬು ಅಳೆಯುವ ಪರೀಕ್ಷೆ. ಗಾಜಿನ ಬ್ಯುಟಿರೋಮೀಟರಿಗೆ 10 ಮಿಲಿಲೀಟರ್ ಗಂಧಕಾಮ್ಲ, ಅದರ ಮೇಲೆ ಹಾಲು, ಕೊನೆಗೆ ಅದೇ ಫ್ಯೂಸೆಲ್ ಎಣ್ಣೆಯಿಂದ ತೆಗೆದ ಬರೀ 1 ಮಿಲಿಲೀಟರ್ ಅಮೈಲ್ ಆಲ್ಕೊಹಾಲ್. ಆಮ್ಲ ಹಾಲಿನ ಪ್ರೋಟೀನನ್ನು ಕರಗಿಸುತ್ತದೆ. ಆ 1 ಮಿಲಿಲೀಟರ್ ಆಲ್ಕೊಹಾಲ್, ಕೊಬ್ಬು ಕರಕಲಾಗದಂತೆ, ತಿಳಿಯಾಗಿ ಬೇರ್ಪಡುವಂತೆ ನೋಡಿಕೊಳ್ಳುತ್ತದೆ. ಯಂತ್ರದಲ್ಲಿ ಗಿರ್ರನೆ ತಿರುಗಿಸಿ, 65 ಡಿಗ್ರಿ ಬಿಸಿನೀರಿನಲ್ಲಿಟ್ಟು ತೆಗೆದರೆ ಕೊರಳಿನ ಗೆರೆಗಳ ಮೇಲೆ ಹೊಂಬಣ್ಣದ ಕೊಬ್ಬು ಎಷ್ಟೆಂದು ಓದಬಹುದು.

ಈ ಗೆರೆಗಳ ಬೆಲೆ ಡೇರಿಗೆ ಹಾಲು ಹಾಕಿದ ಹೆಂಗಸರಿಗೆ ಗೊತ್ತು. ಬರೀ ಅಳತೆಯ ಮೇಲೆ ಹಾಲು ಕೊಳ್ಳುತ್ತಿದ್ದ ಕಾಲದಲ್ಲಿ ನೀರು ಬೆರೆಸಿದವರಿಗೂ ಗಟ್ಟಿ ಎಮ್ಮೆಹಾಲು ತಂದವರಿಗೂ ಒಂದೇ ದರ. 1970ರಲ್ಲಿ ‘ಆಪರೇಷನ್ ಫ್ಲಡ್’ ಯೋಜನೆ ಶುರುವಾಗಿ ಗುಜರಾತಿನ ಆನಂದ್ ಮಾದರಿಯ ಹಾಲಿನ ಸಹಕಾರ ಸಂಘಗಳು ಹರಡಿದಾಗ, ಇತ್ತ ಕರ್ನಾಟಕದಲ್ಲಿ, ಅತ್ತ ತಮಿಳುನಾಡಿನಲ್ಲಿ, ಹಣ ಫ್ಯಾಟಿನ ಮೇಲೆ ನಿಂತಿತು. ಎಷ್ಟು ಫ್ಯಾಟ್ ಬಂತು ಎನ್ನುವುದು ಹೊಸೂರು, ಧರ್ಮಪುರಿ ಕಡೆಯ ಕನ್ನಡದ ಮನೆಗಳಲ್ಲೂ ದಿನದ ಮಾತಾಯಿತು. ಒಂದು ಗೆರೆ ಹೆಚ್ಚುಕಡಿಮೆಯಾದರೆ ಬಟವಾಡೆಯ ದಿನ ಕೈಗೆ ಬರುವ ದುಡ್ಡೇ ಬೇರೆ. ಆದ್ದರಿಂದ ಆ 1 ಮಿಲಿಲೀಟರ್ ಶುದ್ಧವಾಗಿರಲೇಬೇಕು. ಅದರಲ್ಲಿ ಕರಗದ ಬೇರೆ ಎಣ್ಣೆಯಿದ್ದರೆ ಅದೂ ಕೊಬ್ಬಿನ ಜೊತೆ ತೇಲಿ ಲೆಕ್ಕ ಸುಳ್ಳಾಗುತ್ತದೆ. ಬಡವರ ದುಡಿಮೆಗೆ ನ್ಯಾಯದ ದರ ಕೊಡಿಸಿದ ರಾಸಾಯನಿಕಗಳ ಸಾಲಿನಲ್ಲಿ ಅಮೈಲ್ ಆಲ್ಕೊಹಾಲಿಗೆ ದೊಡ್ಡ ಜಾಗ ಕೊಡಬೇಕೆಂದು ನಾನು ನಂಬುತ್ತೇನೆ.

ಈಗ ಹಾಲು ಸುರಿದ ನಿಮಿಷದೊಳಗೆ ಅಂಕಿ ತೋರಿಸುವ ಯಂತ್ರಗಳು ಸಂಘಗಳಿಗೆ ಬಂದಿವೆ. ಅಮೈಲ್ ಆಲ್ಕೊಹಾಲನ್ನು ಪೆಟ್ರೋಲಿಯಂನಿಂದಲೂ ತಯಾರಿಸುತ್ತಾರೆ. ಆದರೂ ಆ ಯಂತ್ರ ತೋರಿಸುವ ಅಂಕಿಯನ್ನು ಪ್ರಯೋಗಾಲಯದಲ್ಲಿ ತಾಳೆ ನೋಡಬೇಕಾದಾಗ ಗರ್ಬರನ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ.