ಅಂಗಡಿ ಬೆಕ್ಕಿಗೂ ಬೇಕು ಎತ್ತರ ಗೋಡೆಯ ಡಬ್ಬಿ

ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ಊರಿನ ಪೇಟೆಗಳಲ್ಲಿ ರಾತ್ರಿ ಅಂಗಡಿಯ ಶಟರ್ ಎಳೆದ ಮೇಲೆ ಒಳಗೆ ಉಳಿಯುವ ಆಳು ಒಂದೇ. ಅದಕ್ಕೆ ಪಗಾರವಿಲ್ಲ, ಹಬ್ಬದ ಇನಾಮಿಲ್ಲ, ಸಂತೆಯ ದಿನವೂ ರಜೆಯಿಲ್ಲ. ಹೆಸರಿನ ಚೀಲ, ಕಡಲೆಯ ಚೀಲ, ಜೋಳದ ಚೀಲಗಳ ನಡುವೆ ರಾತ್ರಿಯಿಡೀ ಪಾಳಿ ಮಾಡುವ ಆ ಆಳಿನ ಹೆಸರು ಬೆಕ್ಕು. ಕಿರಾಣಿಯವರು, ದಲಾಲರು, ಬಟ್ಟೆಯಂಗಡಿಯವರು, ಗಜೇಂದ್ರಗಡದ ನೇಕಾರ ಮನೆಗಳವರು ಎಲ್ಲರಿಗೂ ಇದರ ಕಿಮ್ಮತ್ತು ಗೊತ್ತು. ಇಲಿ ಒಂದು ಚೀಲ ಕಡಿದರೆ ತಿಂದದ್ದಕ್ಕಿಂತ ಚೆಲ್ಲಿದ್ದೇ ಹೆಚ್ಚು. ಸೀರೆಯ ಗಂಟಿಗೆ ಹಲ್ಲು ಹಾಕಿದರಂತೂ ಕೇಳುವುದೇ ಬೇಡ.

ಆದರೆ ಇದೇ ಬೆಕ್ಕು ಒಂದು ದಿನ ಚೀಲದ ಮೂಲೆಯಲ್ಲಿ ಮೂತ್ರ ಮಾಡಿತೆಂದರೆ ಸಾಹುಕಾರರ ಪ್ರೀತಿ ಅಲ್ಲಿಗೆ ಮುಗಿಯಿತು. ಬೆಕ್ಕಿನ ಮೂತ್ರದ ವಾಸನೆ ಸಾಮಾನ್ಯದ್ದಲ್ಲ. ನೀರು ಹಾಕಿ ತಿಕ್ಕಿದರೆ ಹೋದಂತೆ ಕಾಣುತ್ತದೆ, ಮೋಡ ಮುಸುಕಿ ಹವೆ ತೇವವಾದ ಕೂಡಲೇ ಮತ್ತೆ ಎದ್ದು ಕೂಡುತ್ತದೆ. ಗಿರಾಕಿ ಬಾಗಿಲಲ್ಲೇ ಮೂಗು ಮುಚ್ಚಿಕೊಂಡು "ಏನ್ರೀ ಸಾಹುಕಾರ್ರ, ವಾಸನಿ?" ಅಂದರೆ ಉತ್ತರ ಎಲ್ಲಿಂದ ತರುವುದು?

ಮುಂದಿನ ಕಥೆ ಬಸ್ಸಿನಲ್ಲಿ ತಿರುಗಾಡುವವರಿಗೆ ಗೊತ್ತಿರುವಂಥದ್ದೇ. ಗೋಣಿಚೀಲವೊಂದು ಸೀಟಿನ ಕೆಳಗೆ ಕೂತಿರುತ್ತದೆ. ಎರಡು ಸ್ಟಾಪು ದಾಟಿದ ಮೇಲೆ ಅದು "ಮ್ಯಾಂವ್" ಅನ್ನುತ್ತದೆ. ಚೀಲದ ಮಾಲೀಕ ಕಿಟಕಿಯ ಆಚೆ ನೋಡುತ್ತಾನೆ. ಮುಂದಿನ ಊರಿನ ಸ್ಟ್ಯಾಂಡಿನ ಹಿಂದೆ ಚೀಲದ ಬಾಯಿ ಬಿಚ್ಚಿದರೆ ಕೆಲಸ ಮುಗಿಯಿತು. ಗುರುತಿಲ್ಲದ ಜಾಗ, ನಾಯಿಗಳ ಕಾಟ, ಅನ್ನವಿಲ್ಲ, ನೀರಿಲ್ಲ. ಹಸಿವು ನೀರಡಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಕಾರಣವಿಲ್ಲದೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಇತ್ತ ಬೆಕ್ಕು ಹೋದ ಅಂಗಡಿಗೆ ಇಲಿ ಬರುತ್ತದೆ. ಇಲಿ ಬಂದ ಮೇಲೆ ಇಲಿ ಪಾಷಾಣ ಬರುತ್ತದೆ, ಅದೂ ತಿನ್ನುವ ಕಾಳಿನ ಪಕ್ಕದಲ್ಲಿಯೇ.

ತಪ್ಪು ಬೆಕ್ಕಿನದಲ್ಲ. ಮಣ್ಣು ಕೆದರಿ ಕೂತು ಮತ್ತೆ ಮಣ್ಣು ಮುಚ್ಚುವುದು ಅದರ ಹುಟ್ಟುಗುಣ. ಮೊದಲಿನ ಮಣ್ಣಿನ ಮನೆಗಳಿಗೆ ಹಿತ್ತಲಿತ್ತು, ತಿಪ್ಪೆಯಿತ್ತು, ಒಲೆಯ ಬೂದಿಯ ಗುಂಡಿಯಿತ್ತು. ಬೆಕ್ಕು ಯಾರಿಗೂ ಹೇಳದೆ ಹೋಗಿ ಬರುತ್ತಿತ್ತು. ಈಗ ಮನೆಗೆ ಟೈಲ್ಸು, ಅಂಗಳಕ್ಕೆ ಪರ್ಸಿ, ಓಣಿಗೆ ಸಿಮೆಂಟ್ ರಸ್ತೆ. ರಾತ್ರಿ ಒಂಬತ್ತಕ್ಕೆ ಶಟರ್ ಎಳೆದರೆ ಬೆಳಿಗ್ಗೆಯವರೆಗೆ ಹೊರಗಿನ ದಾರಿಯೇ ಇಲ್ಲ. ಒಳಗಿರುವ ಮೆತ್ತನೆಯ ವಸ್ತು ಎಂದರೆ ಚೀಲ ಮತ್ತು ಬಟ್ಟೆ. ಅದು ಹೋಗಬೇಕಾದರೂ ಎಲ್ಲಿಗೆ?

"ಮನಷ್ಯಾರಿಗೇ ನೆಟ್ಟಗ ಪಾಯಖಾನಿ ಇಲ್ಲ, ಇವ್ರು ಬೆಕ್ಕಿಗೆ ಕಟ್ಟಸ್ತಾರಂತ" ಎಂದು ನಗುವವರು ನಗಲಿ. ಖರ್ಚು ನೋಡಿದರೆ ಒಂದು ಚೀಲ ಕಡಲೆ ಕೆಡುವ ಲುಕ್ಸಾನಿಗಿಂತ ಬಹಳ ಕಡಿಮೆ.

ಪೇಟೆಯಲ್ಲಿ ಸಿಗುವ ತಗ್ಗು ತಟ್ಟೆಯಂಥ ಟ್ರೇ ನಮ್ಮ ಅಂಗಡಿಗಳಿಗೆ ಸಾಲದು. ಕೆಲವು ಬೆಕ್ಕುಗಳು ಕೂಡುವಾಗ ಸರಿಯಾಗಿ ಕೂತು, ಮೂತ್ರ ಬಿಡುತ್ತ ಬಿಡುತ್ತ ಹಿಂಭಾಗ ಎತ್ತುತ್ತವೆ. ಧಾರೆ ತಟ್ಟೆ ದಾಟಿ ಹಿಂದಿನ ಗೋಡೆಗೆ ಹೋಗುತ್ತದೆ. ಇನ್ನು ಕೆಲವಕ್ಕೆ ಮಣ್ಣು ಕೆದರುವ ಹುರುಪು ಜಾಸ್ತಿ, ಮಣ್ಣೆಲ್ಲ ನೆಲದ ಮೇಲೆ. ಆದ್ದರಿಂದ ಮೂರು ಬದಿಗೆ ಹನ್ನೊಂದು ಹನ್ನೆರಡು ಇಂಚು ಎತ್ತರದ ಗೋಡೆ ಬೇಕು, ಒಂದು ಬದಿಗೆ ಮಾತ್ರ ತಗ್ಗಿನ ಬಾಗಿಲು. ಉದ್ದ ಎಷ್ಟು? ಬಾಲ ಬಿಟ್ಟು ಬೆಕ್ಕಿನ ಮೈಯುದ್ದದ ಒಂದೂವರೆ ಪಟ್ಟು. ಅಂದರೆ ಬೆಳೆದ ಬೆಕ್ಕಿಗೆ ಎರಡು ಅಡಿಯ ಆಸುಪಾಸು. ಒಳಗೆ ಸುತ್ತು ತಿರುಗಲು ಬರದ ಡಬ್ಬಿಯನ್ನು ಬೆಕ್ಕು ಮುಟ್ಟುವುದಿಲ್ಲ.

ಎಲ್ಲರಿಗೂ ಮೊದಲು ನೆನಪಾಗುವುದು 15 ಕಿಲೋ ಎಣ್ಣೆಯ ತಗಡಿನ ಡಬ್ಬಿ. ಅದು ಮರಿಗೆ ಸರಿ, ದೊಡ್ಡ ಬೆಕ್ಕಿಗೆ ಇಕ್ಕಟ್ಟು. ಡಬ್ಬಿ ಕೆಲಸದವರ ಹತ್ತಿರ ಎರಡು ಡಬ್ಬಿ ಸೀಳಿ ಕೂಡಿಸಿದರೂ ತಗಡು ಮೂತ್ರಕ್ಕೆ ತುಕ್ಕು ಹಿಡಿಯುತ್ತದೆ, ಅಂಚು ಕಾಲು ಕೊಯ್ಯುತ್ತದೆ. ಟೊಮೆಟೊ ಕ್ರೇಟಿಗೆ ತೂತುಗಳಿರುವುದರಿಂದ ಅದೂ ಬೇಡ. ಒಳ್ಳೆಯದು ಎಂದರೆ ಪ್ಲಾಸ್ಟಿಕ್ಕಿನ ದೊಡ್ಡ ಸಾಮಾನು ಪೆಟ್ಟಿಗೆ, ಇಲ್ಲವೆ ದನಕ್ಕೆ ನೀರಿಡಲು ಹೊಲದವರು ಕತ್ತರಿಸಿ ಬಳಸುವ 200 ಲೀಟರಿನ ನೀಲಿ ಡ್ರಮ್ಮು. ಅದರ ತಳದಿಂದ ಹನ್ನೆರಡು ಇಂಚಿಗೆ ಗುರುತು ಹಾಕಿ ಸುತ್ತಲೂ ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದರೆ ಸುಮಾರು ಎರಡು ಅಡಿ ಅಗಲದ ದುಂಡನೆಯ ತೊಟ್ಟಿ ಸಿದ್ಧ. ಕ್ರಿಮಿನಾಶಕ ಇಲ್ಲವೆ ಆ್ಯಸಿಡ್ ತುಂಬಿದ್ದ ಡ್ರಮ್ಮು ಮಾತ್ರ ಎಷ್ಟು ತೊಳೆದರೂ ಉಪಯೋಗವಿಲ್ಲ. ಬೆಕ್ಕು ಕಾಲು ನೆಕ್ಕುವ ಪ್ರಾಣಿ.

ಬಾಗಿಲು ಕತ್ತರಿಸುವಾಗ ಅವಸರ ಬೇಡ. ಎಂಟೊಂಬತ್ತು ಇಂಚು ಅಗಲ, ನೆಲದಿಂದ ಐದು ಇಂಚು ಮೇಲೆ ಹೊಸ್ತಿಲು. ಮರಿಗೆ, ಮುದಿ ಬೆಕ್ಕಿಗೆ ಹೊಸ್ತಿಲು ಮೂರೇ ಇಂಚು ಇರಲಿ, ಮಣ್ಣೂ ಅದಕ್ಕೆ ತಕ್ಕಂತೆ ತೆಳುವಾಗಿರಲಿ. ಕೆಳಗಿನ ಎರಡು ಮೂಲೆಗೆ ಮೊದಲು ಡ್ರಿಲ್ಲಿನಿಂದ ದುಂಡು ತೂತು ಹಾಕಿ, ಆ ತೂತಿಗೆ ಬಂದು ಸೇರುವಂತೆ ಕೊಯ್ಯಬೇಕು. ಚೂಪು ಮೂಲೆ ಬಿಟ್ಟರೆ ಅಲ್ಲಿಂದಲೇ ಪ್ಲಾಸ್ಟಿಕ್ಕು ಸೀಳುತ್ತದೆ. ಅಂಚನ್ನು ಪಾಲಿಶ್ ಕಾಗದದಿಂದ ತಿಕ್ಕಿ, ಮೇಲೆ ಹನಿ ನೀರಾವರಿಯ ಹಳೆ ಪೈಪನ್ನು ಉದ್ದಕ್ಕೆ ಸೀಳಿ ಕೂಡಿಸಿದರೆ ಭದ್ರವಾದ ಗೋಟು. ಈ ಪೈಪಿನ ತುಂಡು ನಮ್ಮ ಕಡೆ ಪುಕ್ಕಟೆಗೇ ಸಿಗುವ ವಸ್ತು.

ಇನ್ನು ಒಳಗೆ ಏನು ತುಂಬುವುದು? ಇಲ್ಲಿಯೇ ನಮ್ಮ ಸೀಮೆಯ ಭಾಗ್ಯ ಇರುವುದು. ಅಮೆರಿಕದ ಮಿಶಿಗನ್‌ನಲ್ಲಿ 1947ರಲ್ಲಿ ಎಡ್ವರ್ಡ್ ಲೋ ಎಂಬಾತ ನೆರೆಯ ಹೆಣ್ಣುಮಗಳಿಗೆ ಬೂದಿಯ ಬದಲು ಎಣ್ಣೆ ಹೀರುವ ಒಂದು ಜೇಡಿ ಹರಳು ಕೊಟ್ಟ. ಬೆಕ್ಕಿಗೆ ಅದು ಹಿಡಿಸಿತು. ಅದನ್ನೇ ಚೀಲಕ್ಕೆ ತುಂಬಿ ಮಾರಿ ಆತ ಸಿರಿವಂತನಾದ. 1980ರ ದಶಕದಲ್ಲಿ ಬೆಂಟೋನೈಟ್ ಎಂಬ ಜೇಡಿ ಬಂತು, ತೇವ ತಗಲಿದ ಕಡೆ ಉಂಡೆ ಕಟ್ಟುವಂಥದ್ದು. ಇಂದು ಹುಬ್ಬಳ್ಳಿಯ ಅಂಗಡಿಗಳಲ್ಲಿ ಚೀಲದಲ್ಲಿ ಮಾರುವ ಮಾಲು ಹೆಚ್ಚಾಗಿ ಇದೇ. ಬೆಂಟೋನೈಟಿನ ಮುಖ್ಯ ಖನಿಜದ ಹೆಸರು ಮಾಂಟ್‌ಮೊರಿಲೊನೈಟ್. ನೀರು ಕುಡಿದು ಉಬ್ಬುವ ಇದೇ ಜಾತಿಯ ಜೇಡಿ ನರಗುಂದ, ರೋಣದ ಎರಿ ಹೊಲದಲ್ಲೂ ಉಂಟು. ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರುಕು ಬಿಡುವುದೂ, ಮಳೆಯಲ್ಲಿ ಚಪ್ಪಲಿಗೆ ಕಿಲೋಗಟ್ಟಲೆ ಹತ್ತುವುದೂ ಇದರ ಗುಣವೇ.

ಪೇಟೆಯ ಮಾಲಿನಷ್ಟು ಗಟ್ಟಿ ಉಂಡೆ ಹೊಲದ ಮಣ್ಣು ಕಟ್ಟುವುದಿಲ್ಲ, ಆದರೆ ಕೆಲಸಕ್ಕೆ ಅಡ್ಡಿಯಿಲ್ಲ. ಔಷಧಿ ಹೊಡೆಯದ ಜಾಗದ ಎರಿ ಮಣ್ಣು ತಂದು, ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಕುಟ್ಟಿ, ಜರಡಿ ಹಿಡಿದು ಪುಡಿಯ ಧೂಳು ತೆಗೆಯಬೇಕು. ಜೋಳದ ಕಾಳಿನ ಗಾತ್ರದ ಹರಳು ಸಾಕು. ಬರೀ ಎರಿ ಹಾಕಿದರೆ ಹಸಿ ಮಣ್ಣು ಬೆಕ್ಕಿನ ಕಾಲಿಗೆ ಹತ್ತಿ ಅಂಗಡಿ ತುಂಬ ರಂಗೋಲಿ ಬೀಳುತ್ತದೆ. ಅದಕ್ಕೇ ಅರ್ಧದಷ್ಟು ಉಸುಕು ಬೆರೆಸುವುದು. ಬರೀ ಉಸುಕು ಅಥವಾ ಮಸಾರಿ ಮಣ್ಣು ಹಾಕಿದರೆ ಮೂತ್ರ ಸೀದಾ ತಳಕ್ಕೆ ಇಳಿದು ನಾರುತ್ತದೆ, ಹಾಗೆ ಮಾಡಿದವರು ಮಣ್ಣನ್ನು ಬೇಗ ಬೇಗ ಬದಲಿಸಬೇಕು. ಮೂರು ಇಂಚು ದಪ್ಪ ಹಾಸಿದರೆ ಸರಿ. ತೀರ ಸಣ್ಣ ಮರಿಗಳು ಸಿಕ್ಕಿದ್ದನ್ನೆಲ್ಲ ತಿನ್ನುವುದರಿಂದ ಅವಕ್ಕೆ ಉಂಡೆ ಕಟ್ಟುವ ಮಣ್ಣು ಬೇಡ, ಹರಿದ ಹಳೆ ಪೇಪರು ನಡೆಯುತ್ತದೆ. ಈ ಪತ್ರಿಕೆಯೂ ಆದೀತು, ಓದಿದ ಮೇಲೆ.

ತೊಟ್ಟಿಯನ್ನು ಅನ್ನದ ಬಟ್ಟಲಿನ ಹತ್ತಿರ ಇಡಬಾರದು. ಎತ್ತರದ ಬದಿ ಚೀಲಗಳ ಕಡೆ, ಬಾಗಿಲು ಬಯಲ ಕಡೆ. ಎರಡು ಬೆಕ್ಕಿದ್ದರೆ ಮೂರು ತೊಟ್ಟಿ ಎಂಬುದು ಬಲ್ಲವರ ಲೆಕ್ಕ, ಜಾಗವಿಲ್ಲದವರು ಎರಡಕ್ಕೆ ಸಮಾಧಾನಪಡಬೇಕು. ಮೊದಲು ಗಲೀಜು ಮಾಡಿದ ಜಾಗದ ಹತ್ತಿರವೇ ಇಟ್ಟು, ರೂಢಿಯಾದ ಮೇಲೆ ದಿನಕ್ಕಿಷ್ಟು ಸರಿಸುತ್ತ ಬೇಕಾದ ಮೂಲೆಗೆ ಒಯ್ಯಬಹುದು. ಮೂಗು ತಿಕ್ಕಿ ಹೊಡೆದರೆ ಬೆಕ್ಕು ಕಲಿಯುವುದು ನಿಮ್ಮನ್ನು ಕಂಡು ಓಡುವುದನ್ನು ಮಾತ್ರ.

ದಿನಕ್ಕೊಮ್ಮೆ ಝಾರಿಯಿಂದ ಗಲೀಜು ಎತ್ತಲೇಬೇಕು. ಇಲಿ ತಿನ್ನುವ ಬೆಕ್ಕಿನ ಹೇಲಿನಲ್ಲಿ ಟಾಕ್ಸೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಇರಬಹುದು. ಅದು ಹೊರಬಿದ್ದ ಒಂದರಿಂದ ಐದು ದಿನಗಳಲ್ಲಿ ರೋಗ ಹತ್ತಿಸುವ ಸ್ಥಿತಿಗೆ ಬರುತ್ತದೆ, ಗರ್ಭಿಣಿಯರ ಕೂಸಿಗೆ ಅಪಾಯ. ಆದುದರಿಂದ ಬಸುರಿ ಹೆಣ್ಣುಮಕ್ಕಳಿಗೆ ಈ ಕೆಲಸ ಹಚ್ಚಬೇಡಿ, ಗಂಡಸರು ಮಾಡಿದರೆ ಕೈ ಸವೆಯುವುದಿಲ್ಲ. ಎತ್ತಿದ್ದನ್ನು ಬಾವಿ, ಕಾಯಿಪಲ್ಲೆ ಮಡಿಯಿಂದ ದೂರ ಗುಂಡಿಯಲ್ಲಿ ಹೂಳಬೇಕು. ಗಟಾರಕ್ಕೆ ಸುರಿದರೆ ಎರಿ ಮಣ್ಣು ಉಬ್ಬಿ ಓಣಿಯ ಗಟಾರವೇ ಕಟ್ಟುತ್ತದೆ. ತೊಟ್ಟಿ ತೊಳೆಯಲು ಸಾಬೂನು, ಬಿಸಿನೀರು ಸಾಕು. ಫಿನೈಲ್ ಬೇಡವೇ ಬೇಡ. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಮೈಗಿಲ್ಲ, ಅದು ವಿಷವಾದೀತು.

ತೊಟ್ಟಿಯಿದ್ದರೆ ಇನ್ನೊಂದು ಉಪಯೋಗವೂ ಉಂಟು. ಗಂಡುಬೆಕ್ಕು ಮೇಲಿಂದ ಮೇಲೆ ಹೋಗಿ ತಿಣುಕಿ, ಒಂದು ಹನಿಯೂ ಬಾರದೆ ಒದರುತ್ತಿದ್ದರೆ ಮೂತ್ರ ಕಟ್ಟಿದೆ ಎಂದೇ ತಿಳಿಯಬೇಕು. ಒಂದೆರಡು ದಿನದಲ್ಲಿ ಜೀವ ಹೋಗುವ ಕಾಯಿಲೆ ಇದು. "ನಾಳೆ ನೋಡೋಣು" ಅನ್ನದೆ ಅದೇ ದಿನ ಪಶು ಆಸ್ಪತ್ರೆಗೆ ಒಯ್ಯಬೇಕು. ಗೋಣಿಚೀಲದಲ್ಲಿ ಬೆಕ್ಕನ್ನು ಬಸ್ಸಿಗೆ ಹತ್ತಿಸಲು ಸರಿಯಾದ ಕಾರಣವಿದ್ದರೆ ಇದೊಂದೇ, ಚೀಲಕ್ಕೆ ಗಾಳಿಯಾಡುವ ಬುಟ್ಟಿಯಾದರೆ ಇನ್ನೂ ಲೇಸು.

ಮಣ್ಣು ಮಾತ್ರ ಮುಂಗಾರು ಹಿಡಿಯುವ ಮೊದಲೇ ಒಂದೆರಡು ಚೀಲ ಒಣಗಿಸಿ ಮಾಳಿಗೆಯ ಮೇಲೆ ಮುಚ್ಚಿ ಇಟ್ಟುಕೊಳ್ಳಿರಿ. ಶ್ರಾವಣದಲ್ಲಿ ಒಣ ಎರಿ ಹುಡುಕಿಕೊಂಡು ಹೋದವರ ಚಪ್ಪಲಿ ಹೊಲದಲ್ಲೇ ಉಳಿದೀತು.