ಇಲಿಯ ಕರುಳಿನಲ್ಲಿ ಮನುಷ್ಯನ ಕಾಯಿಲೆ

ಕಲುಷಿತ ಅನ್ನ, ನೀರು, ಹಾಲಿನ ಮೂಲಕ ಹೊಟ್ಟೆ ಸೇರುವ ಬ್ಯಾಕ್ಟೀರಿಯಾ ಹೇಗೆ ರೋಗ ತರಿಸುತ್ತದೆ ಎಂಬುದನ್ನು ಮನುಷ್ಯರಲ್ಲಿ ಹೆಜ್ಜೆಹೆಜ್ಜೆಯಾಗಿ ನೋಡುವುದು ಕಷ್ಟ. ರೋಗಿ ಆಸ್ಪತ್ರೆಗೆ ಬರುವ ಹೊತ್ತಿಗೆ ಸೋಂಕಿನ ಮೊದಲ ಹಂತಗಳು ಮುಗಿದಿರುತ್ತವೆ. ಆದ್ದರಿಂದಲೇ ಇಲಿ, ಮೊಲ, ಕರು, ಗಿನಿಯಿಲಿಗಳು ಪ್ರಯೋಗಾಲಯಕ್ಕೆ ಬಂದವು. ಆದರೆ ಮನುಷ್ಯನನ್ನು ಮಲಗಿಸುವ ಬ್ಯಾಕ್ಟೀರಿಯಾ ಬೇರೆ ಪ್ರಾಣಿಯನ್ನೂ ಹಾಗೆಯೇ ಕಾಡಬೇಕೆಂಬ ನಿಯಮವೇನಿಲ್ಲ. ಇದರ ಬಿಸಿ ಬ್ಯಾಕ್ಟೀರಿಯಾ ವಿಜ್ಞಾನಿ ರಾಬರ್ಟ್ ಕಾಕ್ ಅವರಿಗೂ ತಟ್ಟಿತು. 1884ರಲ್ಲಿ ಕಲ್ಕತ್ತೆಯಲ್ಲಿ ಕಾಲರಾ ರೋಗಿಗಳ ಕರುಳಿನಿಂದ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದ ಅವರು, ಅದನ್ನು ಪ್ರಾಣಿಗಳಿಗೆ ಕೊಟ್ಟು ಕಾಲರಾ ಬರಿಸಲು ಮಾಡಿದ ಯತ್ನ ಕೈಗೂಡಲಿಲ್ಲ.

ಆ ಗಂಟು ಬಿಚ್ಚಿದ್ದೂ ಅದೇ ಊರಿನಲ್ಲಿ, ಸುಮಾರು 70 ವರ್ಷಗಳ ನಂತರ. ಕಾಲರಾದ ವಿಷ ರಕ್ತಕ್ಕೆ ಸೇರಿ ಇಡೀ ದೇಹವನ್ನು ಕೆಡಿಸುತ್ತದೆ ಎಂದು ಹಲವರು ನಂಬಿದ್ದ ಕಾಲದಲ್ಲಿ, ರೋಗಶಾಸ್ತ್ರಜ್ಞ ಶಂಭುನಾಥ ಡೇ ಅವರು ಕರುಳಿನ ಒಳಗೇ ಹುಡುಕಬೇಕೆಂದು ತೀರ್ಮಾನಿಸಿದರು. 1953ರಲ್ಲಿ ಅವರು ಪ್ರಕಟಿಸಿದ ವಿಧಾನ ಬಹಳ ಸರಳ. ಉಪವಾಸವಿಟ್ಟ ಮೊಲಕ್ಕೆ ಅರಿವಳಿಕೆ ಕೊಟ್ಟು, ಹೊಟ್ಟೆ ಬಿಡಿಸಿ, ಸಣ್ಣ ಕರುಳಿನ ಒಂದು ಭಾಗದ ಎರಡೂ ತುದಿಗಳನ್ನು ರೇಷ್ಮೆ ದಾರದಿಂದ ಬಿಗಿಯುವುದು. ನಡುವಿನ ಭಾಗಕ್ಕೆ ಬ್ಯಾಕ್ಟೀರಿಯಾ ಚುಚ್ಚಿ ಹೊಟ್ಟೆ ಹೊಲಿಯುವುದು. ಮರುದಿನ ಬಿಡಿಸಿ ನೋಡಿದರೆ ಕಟ್ಟಿದ ಭಾಗ ದ್ರವ ತುಂಬಿ ಬಿರಿಯುವಂತೆ ಉಬ್ಬಿರುತ್ತಿತ್ತು. ಕಾಲರಾ ರೋಗಿಯ ಭೇದಿಯಲ್ಲಿ ಕಾಣುವ ಅಕ್ಕಚ್ಚಿನಂಥದೇ ದ್ರವ. ಪಕ್ಕದಲ್ಲಿ ಬ್ಯಾಕ್ಟೀರಿಯಾ ಇಲ್ಲದೆ ಕಟ್ಟಿದ ಭಾಗ ಮಾತ್ರ ಚಪ್ಪಟೆಯಾಗಿಯೇ ಉಳಿಯುತ್ತಿತ್ತು.

1959ರಲ್ಲಿ ಡೇ ಬ್ಯಾಕ್ಟೀರಿಯಾವನ್ನು ಸೋಸಿ ತೆಗೆದು, ಅದು ಬೆಳೆದಿದ್ದ ದ್ರವವನ್ನಷ್ಟೇ ಚುಚ್ಚಿದಾಗಲೂ ಕರುಳು ಉಬ್ಬಿತು. ಕಾಲರಾ ಒಂದು ವಿಷದ ಕೆಲಸ ಎಂಬುದು ಹೀಗೆ ಖಚಿತವಾಯಿತು. ಇದಕ್ಕೂ ಮೊದಲೇ, 1956ರಲ್ಲಿ, ಭೇದಿ ರೋಗಿಗಳಲ್ಲಿ ಸಿಕ್ಕ ಇ. ಕೋಲೈ ಎಂಬ ಬ್ಯಾಕ್ಟೀರಿಯಾದ ಕೆಲವು ತಳಿಗಳೂ ಮೊಲದ ಕರುಳನ್ನು ಹಾಗೆಯೇ ಉಬ್ಬಿಸುತ್ತವೆ ಎಂದು ಅವರು ತೋರಿಸಿದ್ದರು. ದುಬಾರಿ ಉಪಕರಣವಿಲ್ಲದೆ ಮಾಡಿದ ಈ ಕೆಲಸ ನೊಬೆಲ್‌ಗೆ ಅರ್ಹ ಎಂದು ನೊಬೆಲ್ ವಿಜೇತ ವಿಜ್ಞಾನಿ ಜೋಶುವಾ ಲೆಡರ್‌ಬರ್ಗ್ ಅವರೇ ಹೆಸರು ಸೂಚಿಸಿದರೂ ಬಹುಮಾನ ಬರಲಿಲ್ಲ. ಅದು ಬರಬೇಕಿತ್ತು.

ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಕಥೆ ಇನ್ನೊಂದು ಬಗೆಯದು. ಕೋಳಿ, ಮೊಟ್ಟೆಗಳಿಂದ ಬರುವ ಟೈಫಿಮ್ಯೂರಿಯಂ ಎಂಬ ಬಗೆ ಮನುಷ್ಯನಿಗೆ ಭೇದಿ ತರಿಸುತ್ತದೆ. ಇಲಿಗೆ ಅದನ್ನೇ ತಿನ್ನಿಸಿದರೆ ಭೇದಿ ಬರುವುದಿಲ್ಲ; ಬ್ಯಾಕ್ಟೀರಿಯಾ ಯಕೃತ್ತು, ಗುಲ್ಮಗಳಿಗೆ ಹರಡಿ ಟೈಫಾಯಿಡ್ ಹೋಲುವ ಕಾಯಿಲೆಯಾಗುತ್ತದೆ. ಹೀಗಾಗಿ ಟೈಫಾಯಿಡ್ ಅಧ್ಯಯನಕ್ಕೆ ಇಲಿ ಒದಗಿತು, ಭೇದಿಯ ಅಧ್ಯಯನಕ್ಕೆ ಕರು ಬೇಕಾಯಿತು. ಇಲಿಯ ಕರುಳಿನ ಸಹಜ ಬ್ಯಾಕ್ಟೀರಿಯಾಗಳೇ ಅದನ್ನು ಕಾಯುತ್ತವೆ ಎಂಬುದು 1950ರ ದಶಕದಲ್ಲೇ ಗೊತ್ತಾಗಿತ್ತು: ಸ್ಟ್ರೆಪ್ಟೊಮೈಸಿನ್ ಎಂಬ ಪ್ರತಿಜೀವಕ ಕೊಟ್ಟು ಅವುಗಳನ್ನು ತಗ್ಗಿಸಿದ ಇಲಿಗೆ ಸೋಂಕು ತಗಲಿಸಲು ಬೆರಳೆಣಿಕೆಯಷ್ಟು ಸಾಲ್ಮೊನೆಲ್ಲಾ ಸಾಕಾಗಿತ್ತು. 2003ರಲ್ಲಿ ಜ್ಯೂರಿಕ್‌ನ ಸಂಶೋಧಕರು ಈ ಉಪಾಯದಿಂದಲೇ ಇಲಿಯ ದೊಡ್ಡ ಕರುಳಿನಲ್ಲಿ ಮನುಷ್ಯರಲ್ಲಾಗುವಂಥ ಉರಿಯೂತ ಬರಿಸಿದರು.

ಪ್ರಾಣಿಯ ಆಯ್ಕೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಲಿಸ್ಟೀರಿಯಾಗಿಂತ ಒಳ್ಳೆಯ ಉದಾಹರಣೆ ಇಲ್ಲ. ಫ್ರಿಜ್ಜಿನ ತಂಪಿನಲ್ಲೂ ಬೆಳೆಯುವ ಈ ಬ್ಯಾಕ್ಟೀರಿಯಾ ಮಿದುಳಿನ ಪೊರೆಗೂ ಗರ್ಭದ ಶಿಶುವಿಗೂ ತಗಲುತ್ತದೆ. 2017–18ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಪೊಲೊನಿ ಎಂಬ ಸಂಸ್ಕರಿತ ಮಾಂಸದಿಂದ ಹರಡಿ 1,000ಕ್ಕೂ ಹೆಚ್ಚು ಜನರಿಗೆ ತಗಲಿ, 200ಕ್ಕೂ ಹೆಚ್ಚು ಮಂದಿಯನ್ನು ಬಲಿ ತೆಗೆದುಕೊಂಡಿತು. 1926ರಲ್ಲಿ ಕೇಂಬ್ರಿಜ್‌ನಲ್ಲಿ ಈ ಬ್ಯಾಕ್ಟೀರಿಯಾ ಮೊದಲು ವರದಿಯಾದದ್ದು ಪ್ರಯೋಗಾಲಯದ ಮೊಲ, ಗಿನಿಯಿಲಿಗಳ ಸಾವಿನಿಂದ. ಮುಂದೆ ಸಂಶೋಧಕರು ಇಲಿಯನ್ನೇ ನೆಚ್ಚಿಕೊಂಡರು. ರಕ್ತನಾಳಕ್ಕೆ ಚುಚ್ಚಿದರೆ ಇಲಿಗೆ ಸೋಂಕು ಸಲೀಸಾಗಿ ತಗಲುತ್ತಿತ್ತು, ರೋಗನಿರೋಧಕ ಶಕ್ತಿಯ ಬಗ್ಗೆ ಅದರಿಂದ ಬಹಳಷ್ಟು ತಿಳಿಯಿತು. ಬಾಯಿಯ ಮೂಲಕ ಕೊಟ್ಟರೆ ಮಾತ್ರ ಇಲಿ ಹೆಚ್ಚುಕಡಿಮೆ ಆರಾಮವಾಗಿರುತ್ತಿತ್ತು.

ಕಾರಣ 1999ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ತಿಳಿಯಿತು. ಲಿಸ್ಟೀರಿಯಾದ ಮೈಮೇಲೆ ಇಂಟರ್ನಲಿನ್-ಎ ಎಂಬ ಪ್ರೋಟೀನ್ ಇದೆ. ಕರುಳಿನ ಜೀವಕೋಶದ ಮೇಲೆ ಇ-ಕ್ಯಾಡ್ಹೆರಿನ್ ಎಂಬ ಇನ್ನೊಂದು. ಮೊದಲನೆಯದು ಬೀಗದ ಕೈ, ಎರಡನೆಯದು ಬೀಗ. ಮನುಷ್ಯನ ಬೀಗದಲ್ಲಿ 16ನೇ ಸ್ಥಾನದಲ್ಲಿರುವ ಅಮೈನೊ ಆಮ್ಲ ಪ್ರೋಲಿನ್. ಇಲಿಯಲ್ಲಿ ಅಲ್ಲಿರುವುದು ಗ್ಲುಟಾಮಿಕ್ ಆಮ್ಲ. ಅಷ್ಟೇ ವ್ಯತ್ಯಾಸಕ್ಕೆ ಬೀಗ ತೆರೆಯುವುದಿಲ್ಲ. ಇಲಿಯ ಪ್ರೋಟೀನಿನಲ್ಲಿ ಆ ಒಂದನ್ನು ಬದಲಿಸಿ ಪ್ರೋಲಿನ್ ಇಟ್ಟಾಗ ಲಿಸ್ಟೀರಿಯಾ ಕೋಶದೊಳಗೆ ನುಗ್ಗಿತು. ಮನುಷ್ಯನದರಲ್ಲಿ ಗ್ಲುಟಾಮಿಕ್ ಆಮ್ಲ ಇಟ್ಟಾಗ ಹೊರಗೇ ನಿಂತಿತು.

ಗಿನಿಯಿಲಿಯಲ್ಲಿ ಈ ಬೀಗ ಮನುಷ್ಯನದರಂತೆಯೇ ಇದೆ. ಆದರೆ ಲಿಸ್ಟೀರಿಯಾಗೆ ಇಂಟರ್ನಲಿನ್-ಬಿ ಎಂಬ ಎರಡನೇ ಬೀಗದ ಕೈಯೂ ಉಂಟು. ಅದು ಇಲಿಯಲ್ಲಿ ನಡೆಯುತ್ತದೆ, ಗಿನಿಯಿಲಿಯಲ್ಲಿ ನಡೆಯುವುದಿಲ್ಲ. ಅಂದರೆ ಎರಡು ಪ್ರಾಣಿಗಳೂ ಅರ್ಧರ್ಧ ಸತ್ಯವನ್ನಷ್ಟೇ ಹೇಳುತ್ತಿದ್ದವು. ಮಂಗೋಲಿಯಾದ ಜರ್ಬಿಲ್ ಎಂಬ ದಂಶಕದಲ್ಲಿ ಎರಡೂ ನಡೆಯುತ್ತವೆ. ಈ ಜರ್ಬಿಲ್‌ನಲ್ಲೂ, 16ನೇ ಸ್ಥಾನ ತಿದ್ದಿದ ಇಲಿಯಲ್ಲೂ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವೇ, ಲಿಸ್ಟೀರಿಯಾ ಮಾಸನ್ನು ದಾಟಿ ಶಿಶುವನ್ನು ಮುಟ್ಟಲು ಎರಡೂ ಪ್ರೋಟೀನುಗಳು ಒಟ್ಟಿಗೆ ಬೇಕು ಎಂದು ತೋರಿಸಿದ್ದು. ಬರೀ ಇಲಿಯನ್ನೋ ಬರೀ ಗಿನಿಯಿಲಿಯನ್ನೋ ನಂಬಿದ್ದರೆ ಇದು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಇಲಿಯ ವಂಶವಾಹಿಗಳನ್ನು ಬೇಕಾದಂತೆ ತಿದ್ದಬಹುದು, ಸಾಕುವ ಖರ್ಚೂ ಕಡಿಮೆ. ಆದ್ದರಿಂದ ಪ್ರಯೋಗಾಲಯಗಳಲ್ಲಿ ಅದೇ ಮುಂದುವರಿದಿದೆ. ಆದರೆ ಆಹಾರದಿಂದ ಬರುವ ಲಿಸ್ಟೀರಿಯಾ ಸೋಂಕಿಗೆ ಮದ್ದೋ ಲಸಿಕೆಯೋ ಸಿಕ್ಕಿದೆ ಎಂದು ಸಾಧಾರಣ ಇಲಿಯ ಕರುಳೊಂದನ್ನೇ ಆಧರಿಸಿ ಹೇಳುವ ಮಾತನ್ನು ಒಪ್ಪುವಂತಿಲ್ಲ.